ಹರಡಿದ ಕ್ಯಾನ್ಸರಿನೊಂದಿಗೆ ಬದುಕುತ್ತಿರುವವರ ಫೋನ್ ಕರೆಗೆ ಉತ್ತರಿಸುವವರು ಯಾರು?

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಜಾಗೃತಿಯ ದಿನಗಳು ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ಬೇಗ ಪತ್ತೆ ಮಾಡಿದರೆ ಗುಣಪಡಿಸಬಹುದು’ ಎಂಬ ಮಾತು ತಪ್ಪದೆ ಅಚ್ಚಾಗುತ್ತದೆ. ಮಾತು ಸುಳ್ಳಲ್ಲ, ಅದನ್ನು ಓದಿ ಸಕಾಲದಲ್ಲಿ ವೈದ್ಯರ ಬಳಿ ಹೋಗಿ ಉಳಿದುಕೊಂಡವರು ಎಷ್ಟೋ ಮಂದಿ ಇದ್ದಾರೆ. ಆದರೆ ಕ್ಯಾನ್ಸರ್ ಆಗಲೇ ಮೂಳೆಗೋ ಯಕೃತ್ತಿಗೋ ಶ್ವಾಸಕೋಶಕ್ಕೋ ಹರಡಿರುವವರಿಗೆ ಅದೇ ಮಾತು ‘ನೀವು ತಡ ಮಾಡಿದಿರಿ, ಈಗ ಅನುಭವಿಸಿ’ ಎಂದು ಯಾರೋ ಅಂದಂತೆ ಕೇಳಿಸುತ್ತದೆ. ನನ್ನ ಅಕ್ಕ ತಡ ಮಾಡಿದವಳಲ್ಲ. ಗಂಟು ಕೈಗೆ ತಾಕಿದ ವಾರದಲ್ಲೇ ತೋರಿಸಿಕೊಂಡಿದ್ದಳು, ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಮೂರನ್ನೂ ಒಂದು ದಿನವೂ ತಪ್ಪಿಸದೆ ಮುಗಿಸಿದ್ದಳು, ಐದು ವರ್ಷ ದಿನಕ್ಕೊಂದು ಮಾತ್ರೆ ನುಂಗಿದ್ದಳು. ಆರನೆಯ ವರ್ಷ ಬೆನ್ನುನೋವಿಗೆಂದು ತೆಗೆಸಿದ ಸ್ಕ್ಯಾನಿನಲ್ಲಿ ಸ್ತನದ ಕ್ಯಾನ್ಸರ್ ಬೆನ್ನುಮೂಳೆಯ ಮಣಿಗಳಲ್ಲಿ ಕಾಣಿಸಿಕೊಂಡಿತು. ಅದಾದ ಮೇಲೆ ಅವಳು ನಾಲ್ಕು ವರ್ಷ ಮೂರು ತಿಂಗಳು ಬದುಕಿದಳು. ಆ ನಾಲ್ಕು ವರ್ಷಗಳ ಬಗ್ಗೆ, ಅಂದರೆ ಗುಣವಾಗುವುದಿಲ್ಲವೆಂದು ಗೊತ್ತಾದ ಮೇಲೂ ಉಳಿದಿರುವ ಬದುಕಿಗೆ ಬೇಕಾದ ಆರೈಕೆಯ ಬಗ್ಗೆ, ನಿಮ್ಮ ಪುಟಗಳಲ್ಲಿ ಚರ್ಚೆಯಾಗಲಿ ಎಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಬೇಕು.

ಮೊದಲು ಒಂದು ಗೊಂದಲ ತಿಳಿಯಾಗಬೇಕು. ಸ್ತನದಿಂದ ಮೂಳೆಗೆ ಹರಡಿದ ಕ್ಯಾನ್ಸರ್ ಮೂಳೆ ಕ್ಯಾನ್ಸರ್ ಅಲ್ಲ, ಅದು ಮೂಳೆಯಲ್ಲಿ ನೆಲೆಯೂರಿದ ಸ್ತನ ಕ್ಯಾನ್ಸರ್. ಅದಕ್ಕೆ ಸ್ತನ ಕ್ಯಾನ್ಸರಿನ ಔಷಧಗಳೇ ಬೇಕು. ಮೂಲ ಗಡ್ಡೆಯಿಂದ ಬಿಡಿಸಿಕೊಂಡ ಜೀವಕೋಶಗಳು ರಕ್ತದಲ್ಲಿಯೋ ದುಗ್ಧರಸದ (ಲಿಂಫ್) ನಾಳಗಳಲ್ಲಿಯೋ ಸಾಗಿ ಬೇರೊಂದು ಅಂಗದಲ್ಲಿ ಬೇರುಬಿಡುತ್ತವೆ, ಕೆಲವೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ಮಲಗಿದ್ದು ಆಮೇಲೆ ಏಳುತ್ತವೆ. 1889ರಲ್ಲಿ ಸ್ಟೀಫನ್ ಪ್ಯಾಜೆಟ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ಶವಪರೀಕ್ಷೆಯ ದಾಖಲೆಗಳನ್ನು ನೋಡಿ, ಹರಡುವಿಕೆ ಎಲ್ಲೆಂದರಲ್ಲಿ ಆಗುವುದಿಲ್ಲ, ಬೀಜಕ್ಕೆ ಒಗ್ಗುವ ನೆಲ ಸಿಕ್ಕಲ್ಲಿ ಮಾತ್ರ ಮೊಳೆಯುತ್ತದೆ ಎಂದು ಬರೆದರು. ಕ್ಯಾನ್ಸರಿನಿಂದಾಗುವ ಸಾವುಗಳಲ್ಲಿ ಬಹುಪಾಲು ಈ ಹರಡುವಿಕೆಯಿಂದಲೇ ಆಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಕ್ಯಾನ್ಸರಿನಿಂದ ಸತ್ತವರು 97 ಲಕ್ಷ. ಅವರಲ್ಲಿ ಹೆಚ್ಚಿನವರು ಸಾಯುವುದಕ್ಕೆ ಮುಂಚೆ ತಿಂಗಳುಗಟ್ಟಲೆಯೋ ವರ್ಷಗಟ್ಟಲೆಯೋ ಹರಡಿದ ಕ್ಯಾನ್ಸರನ್ನು ಮೈಯಲ್ಲಿಟ್ಟುಕೊಂಡೇ ಬದುಕಿದ್ದವರು, ಕೆಲಸಕ್ಕೆ ಹೋಗಿದ್ದವರು, ಮಕ್ಕಳನ್ನು ಶಾಲೆಗೆ ಕಳಿಸಿದ್ದವರು ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ.

‘ನಾಲ್ಕನೇ ಹಂತ’ ಎಂದ ಕೂಡಲೇ ಕೇಳುವವರ ಮುಖ ಬಿಗಿಯುತ್ತದೆ, ದನಿ ತಗ್ಗುತ್ತದೆ. ಆದರೆ ಆ ಎರಡು ಪದಗಳು ಕ್ಯಾನ್ಸರ್ ಎಲ್ಲಿಯವರೆಗೆ ತಲುಪಿದೆ ಎಂಬುದನ್ನಷ್ಟೇ ಹೇಳುತ್ತವೆ, ಎಷ್ಟು ದಿನ ಉಳಿದಿದೆ ಎಂಬುದನ್ನಲ್ಲ. ವೃಷಣದ ಕ್ಯಾನ್ಸರ್ ಹರಡಿದ ಮೇಲೂ ಸಿಸ್‌ಪ್ಲಾಟಿನ್ ಆಧಾರಿತ ಕೀಮೋದಿಂದ ಬಹಳ ಮಂದಿ ಪೂರ್ತಿ ಗುಣವಾಗುತ್ತಾರೆ. ದೊಡ್ಡಕರುಳಿನಿಂದ ಯಕೃತ್ತಿಗೆ ಹರಡಿದ ಒಂದೆರಡು ಗಡ್ಡೆಗಳನ್ನು ಕತ್ತರಿಸಿ ತೆಗೆದು ಹತ್ತು ವರ್ಷ ದಾಟಿದವರಿದ್ದಾರೆ. ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಹರ್-2 ಎಂಬ ಪ್ರೋಟೀನು ಹೆಚ್ಚಿರುವ, ಹರಡಿದ ಸ್ತನ ಕ್ಯಾನ್ಸರಿನ 808 ಮಂದಿಯ ಮೇಲೆ ನಡೆದ ‘ಕ್ಲಿಯೋಪಾತ್ರ’ ಎಂಬ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಆ ಪ್ರೋಟೀನನ್ನೇ ಗುರಿಯಾಗಿಸುವ ಟ್ರಾಸ್ಟುಝುಮ್ಯಾಬ್ ಎಂಬ ಔಷಧ ಮತ್ತು ಕೀಮೋಗಳ ಜೊತೆಗೆ ಪರ್ಟುಝುಮ್ಯಾಬ್ ಎಂಬ ಔಷಧವನ್ನೂ ಪಡೆದವರಲ್ಲಿ ಎಂಟು ವರ್ಷಗಳ ಬಳಿಕ ನೂರಕ್ಕೆ 37 ಮಂದಿ ಬದುಕಿದ್ದರು. ಅದನ್ನು ಪಡೆಯದವರ ಗುಂಪಿನಲ್ಲಿ ಅದು 23. ಇದಕ್ಕೆ ವಿರುದ್ಧವಾಗಿ, ಮೇದೋಜೀರಕ ಗ್ರಂಥಿಯಿಂದ ಹರಡಿದ ಕ್ಯಾನ್ಸರಿನಲ್ಲಿ ಈಗಲೂ ಹೆಚ್ಚಿನವರಿಗೆ ಒಂದು ವರ್ಷ ಸಿಗುವುದೇ ಕಷ್ಟ. ಇಷ್ಟು ಅಂತರವಿರುವ ಸ್ಥಿತಿಗಳನ್ನೆಲ್ಲ ಒಂದೇ ಚೀಟಿ ಅಂಟಿಸಿ ಒಂದೇ ಮೂಲೆಗೆ ಸರಿಸುವುದು ರೋಗಿಗಳಿಗೆ ಮಾಡುವ ಅನ್ಯಾಯ.

ಆ ಮೂಲೆ ಹುಟ್ಟಿದ್ದು ಹೇಗೆಂದು ಯೋಚಿಸಿದಾಗ ನನಗೆ ಹೊಳೆದದ್ದು, ಆರೋಗ್ಯ ವ್ಯವಸ್ಥೆ ಎರಡೇ ಖಾತೆಗಳನ್ನು ಇಟ್ಟುಕೊಂಡಿದೆ ಎಂಬುದು: ಗುಣವಾದವರು, ತೀರಿಕೊಂಡವರು. ನಡುವಿನವರಿಗೆ ಖಾತೆಯಿಲ್ಲ. ಇದು ಅಲಂಕಾರದ ಮಾತಲ್ಲ. ಬಹುತೇಕ ದೇಶಗಳ ಕ್ಯಾನ್ಸರ್ ನೋಂದಣಿ ಪುಸ್ತಕಗಳಲ್ಲಿ ರೋಗ ಮೊದಲು ಪತ್ತೆಯಾದ ದಿನ, ಆಗಿನ ಹಂತ ಮತ್ತು ಸಾವು ದಾಖಲಾಗುತ್ತವೆ. ಮೊದಲು ಎರಡನೇ ಹಂತದಲ್ಲಿದ್ದು ಆರು ವರ್ಷದ ಮೇಲೆ ಮರುಕಳಿಸಿ ಹರಡಿದ್ದು ಸಾಮಾನ್ಯವಾಗಿ ದಾಖಲಾಗುವುದಿಲ್ಲ. ನನ್ನ ಅಕ್ಕ ಲೆಕ್ಕದಲ್ಲಿ ಸಾಯುವ ದಿನದವರೆಗೂ ಎರಡನೇ ಹಂತದ ರೋಗಿಯೇ. ಎಣಿಕೆಗೆ ಸಿಗದವರಿಗಾಗಿ ಹಾಸಿಗೆ ಎಷ್ಟು ಬೇಕು, ದಾದಿಯರು ಎಷ್ಟು ಬೇಕು, ತೀವ್ರ ನೋವು ತಗ್ಗಿಸುವ ಮಾರ್ಫಿನ್ ಎಷ್ಟು ಬೇಕು ಎಂದು ಯಾರೂ ಅಂದಾಜು ಹಾಕುವುದಿಲ್ಲ. ನೆರವಿನ ಯೋಜನೆಗಳೂ ವಿಮೆಗಳೂ ಬಹಳ ಕಡೆ ಇದೇ ಅಚ್ಚಿನಲ್ಲಿ ರೂಪುಗೊಂಡಿವೆ: ಒಂದು ಶಸ್ತ್ರಚಿಕಿತ್ಸೆ, ಇಷ್ಟು ಸುತ್ತು ಕೀಮೋ, ಇಷ್ಟು ದಿನ ವಿಕಿರಣ, ಅಲ್ಲಿಗೆ ಮುಗಿಯಿತು. ಹರಡಿದ ಕ್ಯಾನ್ಸರಿನ ಚಿಕಿತ್ಸೆಗೆ ‘ಮುಗಿಯಿತು’ ಎಂಬ ದಿನವಿಲ್ಲ. ಒಂದು ಔಷಧ ಕೆಲಸ ಮಾಡುವಷ್ಟು ಕಾಲ ಅದನ್ನು ಕೊಡುತ್ತಾರೆ, ನಿಂತಾಗ ಬೇರೊಂದಕ್ಕೆ ಬದಲಾಯಿಸುತ್ತಾರೆ, ನಡುನಡುವೆ ಸ್ಕ್ಯಾನ್ ಮಾಡಿಸುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಆರು ತಿಂಗಳಿಗೆ ಸಾಕು ಎಂದು ಯಾರೂ ಹೇಳುವುದಿಲ್ಲ. ಇಲ್ಲಿ ಮಾತ್ರ ಪ್ರತಿ ಬಾರಿಯೂ ಹೊಸದಾಗಿ ಅರ್ಜಿ, ಹೊಸದಾಗಿ ಸಮರ್ಥನೆ.

ಔಷಧಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ, ಬೆಲೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ. ಒಂದನ್ನು ಮಾತ್ರ ನೆನಪಿಸುತ್ತೇನೆ. ಟ್ರಾಸ್ಟುಝುಮ್ಯಾಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ, ಅದೂ ಹರಡಿದ ಸ್ತನ ಕ್ಯಾನ್ಸರಿಗೆಂದೇ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಅದು ಸೇರಿದ್ದು 2015ರಲ್ಲಿ. ಆ ಹದಿನೇಳು ವರ್ಷಗಳಲ್ಲಿ ಅದು ಎಟುಕದೆ ಹೋದವರ ಲೆಕ್ಕ ಯಾರ ಬಳಿಯೂ ಇಲ್ಲ. ಔಷಧಕ್ಕಿಂತ ಮೊದಲೇ ಬರುವ, ಆದರೆ ಚರ್ಚೆಗೆ ಬಾರದ ಇನ್ನೊಂದು ತಡೆ ಪರೀಕ್ಷೆಯದ್ದು. ಹರಡಿದ ಜಾಗದಿಂದ ಸೂಜಿಯಲ್ಲಿ ಚೂರು ತೆಗೆದು ಹಾರ್ಮೋನ್ ಗ್ರಾಹಕಗಳಿವೆಯೇ, ಹರ್-2 ಇದೆಯೇ, ಶ್ವಾಸಕೋಶದ ಕ್ಯಾನ್ಸರಾದರೆ ಇ.ಜಿ.ಎಫ್.ಆರ್. ಜೀನಿನಲ್ಲಿ ಬದಲಾವಣೆಯಿದೆಯೇ ಎಂದು ನೋಡದೆ ಯಾವ ಔಷಧ ಎಂದು ತೀರ್ಮಾನಿಸುವಂತಿಲ್ಲ. ಮೊದಲ ಗಡ್ಡೆಯಲ್ಲಿ ಇದ್ದ ಗುಣ ಹರಡಿದ ಗಡ್ಡೆಯಲ್ಲಿ ಬದಲಾಗಿರಲೂಬಹುದು. ಪ್ರಯೋಗಾಲಯವಿಲ್ಲದ ಕಡೆ ಔಷಧವನ್ನು ಪುಕ್ಕಟೆ ಕೊಟ್ಟರೂ ಅದು ಯಾರಿಗೆ ಎಂದು ತಿಳಿಯುವುದಿಲ್ಲ.

ಆದರೆ ನಾನು ಬರೆಯಲು ಕುಳಿತದ್ದು ದುಬಾರಿ ಔಷಧಗಳಿಗಾಗಿ ಅಲ್ಲ. ಅಕ್ಕನ ಮಟ್ಟಿಗೆ ಅತ್ಯಂತ ಹೆಚ್ಚು ನಷ್ಟ ಮಾಡಿದ್ದು ಒಂದು ಫೋನ್ ಕರೆ. ಮೂಳೆಗೆ ಹರಡಿದೆ ಎಂದು ಗೊತ್ತಾಗಿ ಮೂರು ವರ್ಷ ಆಗಿತ್ತು, ಔಷಧ ಚೆನ್ನಾಗಿಯೇ ಕೆಲಸ ಮಾಡಿತ್ತು, ಅವಳು ನಡೆದಾಡಿಕೊಂಡಿದ್ದಳು. ಒಂದು ಶುಕ್ರವಾರ ಸಂಜೆ, ಎರಡು ದಿನದಿಂದ ಮಲಗಿದರೆ ಬೆನ್ನುನೋವು ಹೆಚ್ಚಾಗುತ್ತಿದೆ, ಕಾಲು ತನ್ನದಲ್ಲವೇನೋ ಅನಿಸುತ್ತಿದೆ ಎಂದಳು. ಚಿಕಿತ್ಸೆ ನಡೆಯುತ್ತಿದ್ದ ಆಸ್ಪತ್ರೆಗೆ ಫೋನ್ ಮಾಡಿದೆ. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಎತ್ತಿದವರು ಸೌಮ್ಯವಾಗಿಯೇ, ಹೊರರೋಗಿ ವಿಭಾಗ ಸೋಮವಾರ ತೆರೆಯುತ್ತದೆ, ನೋವಿಗೆ ಮಾತ್ರೆ ಕೊಟ್ಟಿರಿ ಎಂದರು. ಅವರನ್ನು ನಾನು ದೂರುವುದಿಲ್ಲ. ಇಂಥ ನೋವು ತುರ್ತಿನ ಸೂಚನೆಯೆಂದು ಅವರಿಗೆ ಯಾರೂ ಕಲಿಸಿರಲಿಲ್ಲ, ನಮಗೂ ಕಲಿಸಿರಲಿಲ್ಲ. ಸೋಮವಾರ ಬೆಳಿಗ್ಗೆ ಅವಳನ್ನು ಎತ್ತಿಕೊಂಡೇ ಕಾರಿಗೆ ಕೂರಿಸಬೇಕಾಯಿತು.

ಆಮೇಲೆ ತಿಳಿದದ್ದು, ಅದು ಬೆನ್ನುಹುರಿಯ ಒತ್ತಡ. ಹರಡಿದ ಗಡ್ಡೆ ಬೆನ್ನುಮೂಳೆಯೊಳಗಿನ ಹುರಿಯನ್ನು ಅದುಮುವ ಈ ಸ್ಥಿತಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಗಂಟೆಗಳ ಲೆಕ್ಕದ ತುರ್ತು. ಕೂಡಲೇ ಸ್ಟೀರಾಯ್ಡ್ ಕೊಟ್ಟು, ಇಡೀ ಬೆನ್ನಿನ ಎಂ.ಆರ್.ಐ. ಮಾಡಿಸಿ, 24 ಗಂಟೆಯೊಳಗೆ ವಿಕಿರಣವನ್ನೋ ಶಸ್ತ್ರಚಿಕಿತ್ಸೆಯನ್ನೋ ಶುರುಮಾಡಬೇಕು. ಚಿಕಿತ್ಸೆ ಆರಂಭವಾಗುವ ಹೊತ್ತಿಗೆ ಇನ್ನೂ ನಡೆಯಬಲ್ಲವರಲ್ಲಿ ಹೆಚ್ಚಿನವರು ಮುಂದೆಯೂ ನಡೆಯುತ್ತಾರೆ. ಆಗಲೇ ಕಾಲು ಬಿದ್ದವರಲ್ಲಿ ಮತ್ತೆ ಎದ್ದು ನಡೆಯುವವರು ಕೆಲವರೇ. ಅಕ್ಕ ಆ ಕೆಲವರಲ್ಲಿ ಒಬ್ಬಳಾಗಲಿಲ್ಲ. ಉಳಿದ ಒಂದು ವರ್ಷ ಮೂರು ತಿಂಗಳನ್ನು ಗಾಲಿಕುರ್ಚಿಯಲ್ಲಿ ಕಳೆದಳು. ಇದಕ್ಕೆ ಬೇಕಾಗಿದ್ದದ್ದು ಹೊಸ ಸಂಶೋಧನೆಯಲ್ಲ, ಎರಡು ಸಾಲಿನ ಎಚ್ಚರಿಕೆಯ ಚೀಟಿ ಮತ್ತು ರಜಾ ದಿನದಲ್ಲೂ ಎತ್ತುವ ಒಂದು ಫೋನ್.

ಫೋನಿನ ಮಾತನ್ನು ನಾನು ಭಾವುಕತೆಯಿಂದ ಹೇಳುತ್ತಿಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದಲ್ಲಿ ಕೀಮೋ ಪಡೆಯುತ್ತಿದ್ದ, ಕ್ಯಾನ್ಸರ್ ಹರಡಿದ್ದ 766 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಎಂದಿನಂತೆ ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತಮ್ಮ ತೊಂದರೆ ಹೇಳಿಕೊಂಡರು. ಇನ್ನೊಂದು ಗುಂಪಿನವರು ನೋವು, ವಾಂತಿ, ಉಸಿರಾಟದ ತೊಂದರೆ, ಸುಸ್ತು ಇತ್ಯಾದಿಗಳನ್ನು ಕಂಪ್ಯೂಟರಿನಲ್ಲಿ ಆಗಾಗ ಗುರುತು ಹಾಕಿ ಕಳಿಸುತ್ತಿದ್ದರು. ಯಾವುದಾದರೂ ತೀವ್ರವಾದರೆ ದಾದಿಗೆ ಸೂಚನೆ ಹೋಗುತ್ತಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ ಗುಂಪಿನ ಮಧ್ಯಮ ಬದುಕಿನ ಅವಧಿ (ಅಂದರೆ ಗುಂಪಿನ ಅರ್ಧದಷ್ಟು ಮಂದಿ ಬದುಕಿದ್ದ ಕಾಲ) 26 ತಿಂಗಳು, ಎರಡನೆಯದು 31.2 ತಿಂಗಳು. ಐದು ತಿಂಗಳ ಲಾಭ ತೋರಿಸುವ ಹೊಸ ಔಷಧ ಬಂದರೆ ಪತ್ರಿಕೆಗಳು ಮುಖಪುಟದಲ್ಲಿ ಹಾಕುತ್ತವೆ. ಇಲ್ಲಿ ಔಷಧ ಯಾವುದೂ ಇರಲಿಲ್ಲ. ರೋಗಿ ಹೇಳಿದ್ದನ್ನು ಅದೇ ವಾರ ಯಾರೋ ಓದಿ ಸ್ಪಂದಿಸಿದ್ದರು, ಅಷ್ಟೆ.

ಇಂಥದೇ ಮತ್ತೊಂದು, ಮೂಳೆಯ ನೋವಿಗೆ ಕೊಡುವ ವಿಕಿರಣದ್ದು. ತೊಡಕಿಲ್ಲದ ಮೂಳೆನೋವಿಗೆ 8 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ) ಪ್ರಮಾಣವನ್ನು ಒಂದೇ ದಿನ ಕೊಟ್ಟರೆ ಸಿಗುವ ನೋವಿನ ಶಮನ, ಹತ್ತು ದಿನ ಹಂಚಿ ಕೊಟ್ಟಾಗ ಸಿಗುವಷ್ಟೇ ಇರುತ್ತದೆಂದು ಹಲವಾರು ಪ್ರಯೋಗಗಳು ದಶಕಗಳ ಹಿಂದೆಯೇ ತೋರಿಸಿವೆ. ಒಂದೇ ದಿನ ಪಡೆದವರಲ್ಲಿ ಮುಂದೆ ಅದೇ ಜಾಗಕ್ಕೆ ಮತ್ತೊಮ್ಮೆ ಕೊಡಬೇಕಾಗಿ ಬರುವುದು ಸ್ವಲ್ಪ ಹೆಚ್ಚು ಎಂಬುದೂ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಅಲುಗಿದರೆ ಕೂಗುವಂಥ ನೋವಿನ ರೋಗಿಯನ್ನು ದೂರದಿಂದ ಹತ್ತು ದಿನ ಸತತವಾಗಿ ಕರೆತರಬೇಕೋ ಒಂದು ದಿನ ಸಾಕೋ ಎಂಬುದನ್ನು ರೋಗಿಯ ಮುಂದಿಟ್ಟು ಕೇಳುವ ಪರಿಪಾಠ ಇರಬೇಕು. ದಿನಕ್ಕಿಷ್ಟು ಎಂದು ಹಣ ಬರುವ ವ್ಯವಸ್ಥೆಗಳಲ್ಲಿ ಹತ್ತು ದಿನಗಳೇ ಮೊದಲು ನೆನಪಾಗುವುದು ಆಶ್ಚರ್ಯವಲ್ಲ.

ಇನ್ನು ಮಾರ್ಫಿನ್. ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧ ಏರಿಸುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಪ್ರಕಟಿಸಿತು. ತೀವ್ರ ನೋವಿಗೆ ಬಾಯಲ್ಲಿ ತೆಗೆದುಕೊಳ್ಳುವ ಮಾರ್ಫಿನ್ ಅದರ ಮುಖ್ಯ ಮೆಟ್ಟಿಲು. ಅದರ ಪೇಟೆಂಟ್ ಯಾರ ಬಳಿಯೂ ಇಲ್ಲ, ತಯಾರಿಸುವುದು ಅಗ್ಗ. ಹಾಗಿದ್ದೂ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಯೋಗದ 2017ರ ವರದಿ ಹೇಳಿದಂತೆ, ಮಾರ್ಫಿನ್‌ಗೆ ಸಮನಾಗಿ ಲೆಕ್ಕ ಹಾಕಿದರೆ ಜಗತ್ತಿನಲ್ಲಿ ವರ್ಷಕ್ಕೆ ವಿತರಣೆಯಾಗುವ ಸುಮಾರು 298.5 ಟನ್ ಓಪಿಯಾಯ್ಡ್ (ಮಾರ್ಫಿನ್ ಬಗೆಯ) ನೋವುನಿವಾರಕಗಳಲ್ಲಿ ಕಡಿಮೆ ಆದಾಯದ ದೇಶಗಳಿಗೆ ತಲುಪುವುದು 0.1 ಟನ್. ಈ ಅಂಕಿಯನ್ನು ಮೊದಲ ಸಲ ಓದಿದಾಗ ಅಚ್ಚಿನ ತಪ್ಪೆಂದುಕೊಂಡೆ. ದುರ್ಬಳಕೆಯಾಗುವ ಭಯ, ಪರವಾನಗಿಯ ತೊಡಕು, ವೈದ್ಯರಿಗೇ ಸರಿಯಾದ ತರಬೇತಿ ಇಲ್ಲದಿರುವುದು, ‘ಮಾರ್ಫಿನ್ ಶುರುವಾಯಿತೆಂದರೆ ಮುಗಿಯಿತು’ ಎಂಬ ಮನೆಯವರ ನಂಬಿಕೆ, ಎಲ್ಲವೂ ಸೇರಿ ಒಂದು ಮಾತ್ರೆಯನ್ನು ರೋಗಿಯಿಂದ ದೂರ ಇಟ್ಟಿವೆ. ನಮ್ಮ ಮನೆಯಲ್ಲೂ ಆ ನಂಬಿಕೆ ಇತ್ತು; ಅಕ್ಕ ಅದನ್ನು ಶುರುಮಾಡಿದ ಮೇಲೆ ಎರಡೂವರೆ ವರ್ಷ ಇದ್ದಳು. ಮಲಬದ್ಧತೆ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧ ಜೊತೆಗಿರಬೇಕು ಎಂಬ ಸಣ್ಣ ವಿಷಯವನ್ನು ಯಾರಾದರೂ ಹೇಳಿಕೊಟ್ಟರೆ ಎಷ್ಟೋ ಮಂದಿ ಅದನ್ನು ನಡುವೆ ಬಿಡುವುದಿಲ್ಲ.

‘ಪ್ಯಾಲಿಯೇಟಿವ್’ ಅಥವಾ ಉಪಶಮನ ಆರೈಕೆ, ಅಂದರೆ ರೋಗಿಯ ನೋವು, ಸಂಕಟ ತಗ್ಗಿಸುವ ಆರೈಕೆ, ಎಂಬ ಮಾತಿಗೂ ಅದೇ ಗತಿಯಾಗಿದೆ. ‘ಇನ್ನು ನಾವು ಮಾಡುವುದೇನೂ ಇಲ್ಲ, ಪ್ಯಾಲಿಯೇಟಿವ್‌ಗೆ ತೋರಿಸಿ’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ, ಅದೊಂದು ವೈದ್ಯಶಾಖೆ ಎಂದು ಯಾರಿಗೆ ಅನಿಸೀತು? 2010ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಆಗಷ್ಟೇ ಪತ್ತೆಯಾಗಿದ್ದ 151 ಮಂದಿಯ ಅಧ್ಯಯನ ಪ್ರಕಟಿಸಿದರು. ಆರಂಭದಿಂದಲೇ ಕ್ಯಾನ್ಸರ್ ಚಿಕಿತ್ಸೆಯ ಜೊತೆಜೊತೆಗೆ ಉಪಶಮನ ಆರೈಕೆಯೂ ಸಿಕ್ಕವರಲ್ಲಿ ಖಿನ್ನತೆ ಕಡಿಮೆಯಿತ್ತು, ದಿನಗಳು ಹೆಚ್ಚು ನೆಮ್ಮದಿಯಾಗಿದ್ದವು, ಕೊನೆಯ ದಿನಗಳಲ್ಲಿ ಅನಗತ್ಯ ಕೀಮೋ ಪಡೆದವರು ಕಡಿಮೆಯಿದ್ದರು. ಹಾಗಿದ್ದೂ ಅವರ ಮಧ್ಯಮ ಬದುಕಿನ ಅವಧಿ 11.6 ತಿಂಗಳಾಗಿತ್ತು, ಉಳಿದವರದ್ದು 8.9. ನಂತರದ ಅಧ್ಯಯನಗಳಲ್ಲಿ ಆಯುಸ್ಸು ಹೆಚ್ಚಿದ್ದು ಕೆಲವದರಲ್ಲಿ ಮಾತ್ರ ಕಂಡಿತು, ಎಲ್ಲದರಲ್ಲೂ ಅಲ್ಲ. ಹೆಚ್ಚದಿದ್ದರೂ ನೋವಿಲ್ಲದೆ ನಿದ್ದೆ ಮಾಡಿದ ರಾತ್ರಿ ಲೆಕ್ಕಕ್ಕೆ ಬರಬೇಕೆಂದು ನನ್ನ ವಾದ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನಾನಾ ಕಾಯಿಲೆಗಳಿಂದಾಗಿ ವರ್ಷಕ್ಕೆ 5 ಕೋಟಿ 68 ಲಕ್ಷ ಜನರಿಗೆ ಈ ಆರೈಕೆ ಬೇಕಾಗುತ್ತದೆ, ಸಿಗುತ್ತಿರುವುದು ನೂರಕ್ಕೆ ಸುಮಾರು 14 ಮಂದಿಗೆ. ಇದನ್ನು ಆರೋಗ್ಯ ವ್ಯವಸ್ಥೆಯ ಭಾಗವಾಗಿಸಬೇಕೆಂದು ವಿಶ್ವ ಆರೋಗ್ಯ ಸಭೆ ನಿರ್ಣಯ ಮಾಡಿದ್ದು 2014ರಲ್ಲಿ.

ಹಣವಿಲ್ಲದ ಕಡೆ ಇದೆಲ್ಲ ಆಗದು ಎನ್ನುವವರಿಗೆ ಉಗಾಂಡ ಉತ್ತರ ಕೊಟ್ಟಿದೆ. ವೈದ್ಯರ ಕೊರತೆಯಿರುವ ಆ ದೇಶ, ವಿಶೇಷ ತರಬೇತಿ ಪಡೆದ ದಾದಿಯರು ಬಾಯಿಯ ಮಾರ್ಫಿನ್ ಬರೆದುಕೊಡಬಹುದೆಂದು 2004ರಲ್ಲಿ ಕಾನೂನು ಮಾಡಿತು. ಪುಡಿಯನ್ನು ನೀರಿನಲ್ಲಿ ಕರಗಿಸಿ ಬಾಟಲಿಗೆ ತುಂಬಿ ರೋಗಿಗೆ ಉಚಿತವಾಗಿ ಕೊಡುತ್ತದೆ. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಚಿಕ್ಕದಾಗಿ ಶುರುವಾದ ನೋವು ನಿವಾರಣಾ ಚಿಕಿತ್ಸಾಲಯ, ನೆರೆಹೊರೆಯ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಆರೈಕೆಯನ್ನು ಮನೆಬಾಗಿಲಿಗೆ ಕೊಂಡೊಯ್ಯುವ ಮಾದರಿಗೆ ದಾರಿ ಮಾಡಿತು. ಎರಡರಲ್ಲೂ ನನಗೆ ಮುಖ್ಯವಾಗಿ ಕಾಣುವುದು ಒಂದೇ: ರೋಗಿ ಆಸ್ಪತ್ರೆಗೆ ಬರಲಾಗದ ದಿನ ಅವನ ಹೊಣೆ ಯಾರದ್ದೆಂದು ಅಲ್ಲಿ ಮೊದಲೇ ಗೊತ್ತಿರುತ್ತದೆ.

ಆದ್ದರಿಂದ ನಾನು ಕೇಳುವುದೂ ಅಷ್ಟೆ. ಕ್ಯಾನ್ಸರ್ ಹರಡಿದೆ ಎಂದು ಹೇಳುವ ದಿನವೇ ರೋಗಿಯ ಕೈಗೆ ಒಬ್ಬ ದಾದಿಯ ಹೆಸರು, ಹಗಲೂ ರಾತ್ರಿಯೂ ಎತ್ತುವ ಒಂದು ಸಂಖ್ಯೆ ಸಿಗಬೇಕು. ನೋವಿನ ತಜ್ಞರ ಭೇಟಿ ಅದೇ ತಿಂಗಳಲ್ಲಿ ನಿಗದಿಯಾಗಬೇಕು, ‘ಕೊನೆಗೆ’ ಅಲ್ಲ. ಮರುಕಳಿಸಿದ ದಿನವನ್ನೂ ನೋಂದಣಿ ಪುಸ್ತಕ ಬರೆದುಕೊಳ್ಳಬೇಕು. ರೋಗಿಗೆ ನಿಜ ಹೇಳಬೇಕೇ ಎಂಬ ಬಗ್ಗೆ ಮನೆಯವರು ವೈದ್ಯರ ಕೋಣೆಯ ಹೊರಗೆ ಪಿಸುಗುಟ್ಟುವುದುಂಟು, ನಾವೂ ಪಿಸುಗುಟ್ಟಿದೆವು; ಆದರೆ ಯಾವ ಲಕ್ಷಣ ಕಂಡರೆ ಓಡಬೇಕೆಂದು ರೋಗಿಗೇ ತಿಳಿಯದಿದ್ದರೆ ಅದರ ಬೆಲೆಯನ್ನು ತೆರುವವರು ಅವರೇ.

ನಿಮ್ಮಲ್ಲೂ ಒಂದು ಮನವಿ ಇದೆ. ಪತ್ರಿಕೆಗಳಲ್ಲಿ ‘ಕ್ಯಾನ್ಸರ್ ಗೆದ್ದವರು’ ಎಂಬ ಶೀರ್ಷಿಕೆ ಕಂಡಾಗಲೆಲ್ಲ ಅಕ್ಕ, ‘ಹಾಗಾದರೆ ನಾನು ಸೋಲುತ್ತಿರುವವಳೋ?’ ಎಂದು ನಗುತ್ತಿದ್ದಳು. ಅವಳು ಯಾರೊಂದಿಗೂ ಪಂದ್ಯಕ್ಕಿಳಿದಿರಲಿಲ್ಲ. ಅಕ್ಟೋಬರ್ ಇಡೀ ತಿಂಗಳು ಸ್ತನ ಕ್ಯಾನ್ಸರ್ ಜಾಗೃತಿಗೆ ಮೀಸಲಾಗಿದೆ. ಅದರಲ್ಲಿ 13ನೇ ತಾರೀಕನ್ನು ಹರಡಿದ ಸ್ತನ ಕ್ಯಾನ್ಸರಿನವರ ದಿನವೆಂದು ಹಲವು ಕಡೆ ಆಚರಿಸುತ್ತಾರೆ. ಆ ದಿನದ ಸಂಚಿಕೆಯಲ್ಲಿ ‘ಬೇಗ ಪತ್ತೆ ಮಾಡಿ’ ಎಂಬ ಲೇಖನದ ಪಕ್ಕದಲ್ಲೇ ಒಂದು ಸಣ್ಣ ಚೌಕಟ್ಟು ಹಾಕಿ ಇಷ್ಟನ್ನು ಅಚ್ಚು ಮಾಡಿ: ಕ್ಯಾನ್ಸರ್ ಇರುವವರಿಗೆ ಅಥವಾ ಹಿಂದೆ ಇದ್ದವರಿಗೆ ಹೊಸದಾಗಿ ಬೆನ್ನುನೋವು ಬಂದು ಮಲಗಿದಾಗ, ಕೆಮ್ಮಿದಾಗ ಹೆಚ್ಚಾಗುತ್ತಿದ್ದರೆ, ಕಾಲಲ್ಲಿ ಬಲ ಕುಗ್ಗಿದರೆ ಅಥವಾ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಇಲ್ಲವೇ ತಡೆಯಲಾಗದಿದ್ದರೆ, ಸೋಮವಾರದವರೆಗೆ ಕಾಯಬೇಡಿ, ಆಗಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ‘ಬೆನ್ನುಹುರಿಯ ಒತ್ತಡ ಇರಬಹುದೇ ನೋಡಿ’ ಎಂದು ಕೇಳಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಓದುಗ
(ಹೆಸರು, ವಿಳಾಸ ಪ್ರಕಟಿಸದಿರಲು ಕೋರಿಕೆ)